ಜಾರಿದ ಲೆನ್ಸನ್ನು ಕಣ್ಣಿನೊಳಗೆ ಯಾವುದಕ್ಕೆ ಕಟ್ಟುತ್ತಾರೆ?

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಹನ್ನೊಂದು ವರ್ಷದ ಹಿಂದೆ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿ ಲೆನ್ಸ್ ಹಾಕಿದ್ದರು. ಇಷ್ಟು ದಿನ ಚೆನ್ನಾಗಿ ಕಾಣುತ್ತಿತ್ತು. ಎರಡು ತಿಂಗಳಿಂದ ಆ ಕಣ್ಣು ಮಂಜು. ಬಗ್ಗಿದರೆ ಒಂಥರಾ, ಎದ್ದರೆ ಇನ್ನೊಂಥರಾ ಕಾಣುತ್ತದೆ ಅನ್ನುತ್ತಾರೆ. ಪರೀಕ್ಷೆ ಮಾಡಿದ ಡಾಕ್ಟರು "ಲೆನ್ಸ್ ಚೀಲದ ಸಮೇತ ಕೆಳಗೆ ಜಾರಿದೆ, ಪೂರ್ತಿ ಬಿದ್ದಿಲ್ಲ" ಎಂದರು. ಅದೇ ಲೆನ್ಸನ್ನು ದಾರ ಹಾಕಿ ಕಟ್ಟೋಣ ಅನ್ನುವುದು ಅವರ ಸಲಹೆ. ಇನ್ನೊಬ್ಬ ಡಾಕ್ಟರು ಅದನ್ನು ತೆಗೆದು ಹೊಸ ಲೆನ್ಸನ್ನು ಹೊಲಿಗೆಯೇ ಇಲ್ಲದೆ ಕೂರಿಸೋಣ ಅನ್ನುತ್ತಾರೆ. ಉಂಗುರ, ಆಂಕರ್, ಕ್ಲಾ ಲೆನ್ಸ್, ಅಂಟು ಅಂತ ಏನೇನೋ ಹೆಸರು ಕೇಳಿದೆವು. ಇದರಲ್ಲಿ ಯಾವುದು ಒಳ್ಳೆಯದು? ಮತ್ತೆ ಜಾರುತ್ತದಾ? ತಾನು ಕಣ್ಣು ಉಜ್ಜಿಕೊಂಡದ್ದೇ ತಪ್ಪಾಯಿತು ಎಂದು ಅಮ್ಮ ಕೊರಗುತ್ತಿದ್ದಾರೆ.

ಉತ್ತರ: ಮೊದಲು ಅಮ್ಮನಿಗೆ ಒಂದು ಮಾತು ಹೇಳಿಬಿಡಿ. ಆಗೊಮ್ಮೆ ಈಗೊಮ್ಮೆ ಕಣ್ಣು ಉಜ್ಜಿಕೊಂಡದ್ದಕ್ಕೆ ಲೆನ್ಸ್ ಹೀಗೆ ಇಳಿಯುವುದಿಲ್ಲ. ಇಷ್ಟು ವರ್ಷ ಅಲುಗದೆ ಕೂತಿದ್ದ ಲೆನ್ಸ್ ಚೀಲದ ಸಮೇತ ಜಾರಿದೆ ಅಂದರೆ, ಆ ಚೀಲವನ್ನು ಹಿಡಿದಿದ್ದ ಎಳೆಗಳು ವರ್ಷಾನುಗಟ್ಟಲೆ ಒಂದೊಂದಾಗಿ ಸೋತಿವೆ ಎಂದರ್ಥ. ಹಳೆಯ ಆಪರೇಷನ್ ಸರಿಯಾಗಿ ಆಗಿರಲಿಲ್ಲ ಅಂತಲೂ ಇದರಿಂದ ಹೇಳಲಾಗದು. ಚೀಲ ಇವತ್ತಿಗೂ ಲೆನ್ಸನ್ನು ಬಿಟ್ಟಿಲ್ಲ, ನೋಡಿ. ಕೈಬಿಟ್ಟಿರುವುದು ಚೀಲದ ಸುತ್ತಲಿನ ಕಟ್ಟು.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದರಲ್ಲ ಎಂದು ಗಾಬರಿಯಾಗಬೇಡಿ. ಇಬ್ಬರೂ ಸರಿಯಿರಬಹುದು. ಯಾವ ಸಾಧನ ಒಳ್ಳೆಯದು ಎಂದು ನೀವು ಕೇಳಿದ್ದೀರಿ. ಆಪರೇಷನ್ ಮಾಡುವವರ ತಲೆಯಲ್ಲಿ ಅದಕ್ಕಿಂತ ಮುಂಚೆ ಬರುವ ಪ್ರಶ್ನೆ ಬೇರೆ: ಈ ಕಣ್ಣಿನೊಳಗೆ ಗಟ್ಟಿಯಾಗಿ ಉಳಿದಿರುವುದು ಏನು? ಮೊಳೆ ಹೊಡೆಯುವ ಮೊದಲು ಗೋಡೆ ತಟ್ಟಿ ನೋಡುತ್ತೇವಲ್ಲ, ಹಾಗೆ. ನೀವು ಕೇಳಿಸಿಕೊಂಡ ಹೆಸರುಗಳೆಲ್ಲ ಬೇರೆ ಬೇರೆ ಗೋಡೆಗೆ ಹೊಡೆಯುವ ಬೇರೆ ಬೇರೆ ಮೊಳೆಗಳು. ಗೋಡೆ ಯಾವುದು ಎಂದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕಣ್ಣಿನೊಳಗಿನ ಕಟ್ಟು ಹೇಗಿದೆ ಎಂದು ಸ್ವಲ್ಪ ಹೇಳುತ್ತೇನೆ. ಪೊರೆ ಆಪರೇಷನ್ನಿನಲ್ಲಿ ಮಬ್ಬಾದ ಒಳಗಿನ ತಿರುಳನ್ನು ಮಾತ್ರ ತೆಗೆಯುತ್ತೇವೆ. ಅದರ ಹೊರಗಿನ ಪಾರದರ್ಶಕ ಚೀಲವನ್ನು ಉಳಿಸಿಕೊಳ್ಳುತ್ತೇವೆ. ಈ ಚೀಲದ ಹಿಂಭಾಗ ನಡುವಿನಲ್ಲಿ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು ದಪ್ಪ, ಅಷ್ಟೇ. ಆ ಚೀಲದೊಳಗೆ ಹೊಸ ಲೆನ್ಸ್ ಕೂರುತ್ತದೆ. ಲೆನ್ಸಿನ ನಡುವಿನ ಬಿಲ್ಲೆ ಸುಮಾರು 6 ಮಿಲಿಮೀಟರ್ ಅಗಲ. ಅದಕ್ಕೆ ಎರಡು ಬಾಗಿದ ಕಾಲುಗಳು. ಒಂದು ಕಾಲಿನ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 13 ಮಿಲಿಮೀಟರ್. ವೈದ್ಯರು ಈ ಕಾಲುಗಳನ್ನು ಹ್ಯಾಪ್ಟಿಕ್ ಅನ್ನುತ್ತಾರೆ.

ಚೀಲ ತಾನಾಗಿ ನಿಲ್ಲುವುದಿಲ್ಲ. ಸೈಕಲ್ ಚಕ್ರದ ನಡುವಿನ ಗುಂಬವನ್ನು ಸುತ್ತಲಿನ ಕಡ್ಡಿಗಳು ಎಳೆದು ಹಿಡಿದಿರುತ್ತವಲ್ಲ, ಹಾಗೆ ಸುತ್ತಲೂ ನೂರಾರು ಸೂಕ್ಷ್ಮ ಎಳೆಗಳು ಚೀಲವನ್ನು ಕಣ್ಣಿನ ಒಳಗೋಡೆಗೆ ಬಿಗಿದಿರುತ್ತವೆ. ಇವೇ ಜೋನ್ಯೂಲ್‌ಗಳು. ಫೈಬ್ರಿಲಿನ್ ಎಂಬ ಪ್ರೋಟೀನಿನಿಂದ ಆದವು. ಮಾರ್ಫಾನ್ ಸಿಂಡ್ರೋಮ್ ಇರುವವರಲ್ಲಿ ಆ ಪ್ರೋಟೀನೇ ದೋಷದ್ದಾಗಿರುವುದರಿಂದ ಸಣ್ಣ ವಯಸ್ಸಿನಲ್ಲೇ ಲೆನ್ಸ್ ಸರಿಯುತ್ತದೆ. ವಯಸ್ಸಾದವರಲ್ಲಿ ಮುಖ್ಯ ಕಾರಣ ಸ್ಯೂಡೋಎಕ್ಸ್‌ಫೋಲಿಯೇಷನ್. ಪಾಪೆಯ ಅಂಚಿನಲ್ಲಿ, ಚೀಲದ ಮೇಲೆ, ಎಳೆಗಳ ಮೇಲೆ ತಲೆಹೊಟ್ಟಿನಂಥ ಬಿಳಿ ಪುಡಿ ಕೂರುತ್ತಾ ಹೋಗುತ್ತದೆ. ಎಳೆಗಳು ಸೊರಗುತ್ತವೆ. ಇದು ಇದ್ದವರಿಗೆ ಕಣ್ಣಿನ ಪ್ರೆಷರ್ ಏರುವ ಸಾಧ್ಯತೆಯೂ ಜಾಸ್ತಿ. ಹೆಚ್ಚು ಮೈನಸ್ ನಂಬರಿನ ಕಣ್ಣು, ಹಿಂದೆ ಪೆಟ್ಟು ಬಿದ್ದ ಕಣ್ಣು, ರೆಟಿನಾ (ಕಣ್ಣಿನ ಹಿಂಗೋಡೆಯ ಬೆಳಕು ಹಿಡಿಯುವ ಪದರ) ಆಪರೇಷನ್ ಆದ ಕಣ್ಣು, ಇವುಗಳಲ್ಲೂ ಎಳೆಗಳು ಬಲಹೀನ. ಇದರ ಜೊತೆಗೆ ಆಪರೇಷನ್ ಆದ ಮೇಲೆ ಚೀಲ ತಾನೇ ಸುರುಟಿಕೊಂಡು ಉಳಿದ ಎಳೆಗಳನ್ನು ಒಳಕ್ಕೆ ಜಗ್ಗುತ್ತದೆ.

ಆಪರೇಷನ್ ಆದ ಕೆಲವೇ ದಿನ, ವಾರಗಳಲ್ಲಿ ಲೆನ್ಸ್ ಜಾರಿದರೆ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಚೀಲವೇ ಹರಿದಿರುತ್ತದೆ, ಲೆನ್ಸ್ ಒಂಟಿಯಾಗಿ ಹೊರಬಂದಿರುತ್ತದೆ. ನಿಮ್ಮ ತಾಯಿಯದು ತಡವಾಗಿ, ಚೀಲದ ಸಮೇತ ಜಾರಿದ್ದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥವರು ಬಂದಾಗ ನಾನು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಮುಂದೆ ಕೂರಿಸಿ ಒಂದು ಸಣ್ಣ ಕೆಲಸ ಮಾಡಿಸುತ್ತೇನೆ. ಎಡಕ್ಕೆ ನೋಡಿ, ಈಗ ಥಟ್ಟನೆ ನೇರ ನೋಡಿ. ಕಣ್ಣು ನಿಂತಿರುತ್ತದೆ. ಲೆನ್ಸ್ ಮಾತ್ರ ಇನ್ನೊಂದು ಗಳಿಗೆ ಅಲುಗುತ್ತಲೇ ಇರುತ್ತದೆ, ನೀರು ತುಂಬಿದ ಪಾತ್ರೆ ಇಟ್ಟ ಮೇಲೂ ನೀರು ತುಳುಕುವ ಹಾಗೆ. ಪಾಪೆ ಅಗಲಿಸುವ ಹನಿ ಹಾಕಿ ನೋಡಿದರೆ ಪಾಪೆಯ ನಡುವೆ ಒಂದು ಬಾಗಿದ ಗೆರೆ ಕಾಣುತ್ತದೆ, ಅದು ಲೆನ್ಸಿನ ಅಂಚು. ಗೆರೆಯ ಕೆಳಗೆ ಲೆನ್ಸ್, ಮೇಲೆ ಬರೀ ಬಯಲು. ಅಮ್ಮನಿಗೆ ಬಗ್ಗಿದರೆ ಒಂಥರಾ ಕಾಣುವುದು ಇದಕ್ಕೇ. ತಲೆ ಹೇಗೆ ತಿರುಗುತ್ತದೋ ಹಾಗೆ ಆ ಗೆರೆ ಜಾಗ ಬದಲಿಸುತ್ತದೆ. ಆಮೇಲೆ ಅಂಗಾತ ಮಲಗಿಸಿಯೂ ನೋಡಬೇಕು. ಕೂತಾಗ ಪಾಪೆಯ ಹಿಂದೆಯೇ ಇದ್ದ ಲೆನ್ಸ್ ಮಲಗಿದಾಗ ಆಳಕ್ಕೆ ವಾಲಿಕೊಂಡರೆ, ಉಳಿದ ಎಳೆಗಳು ಬಹಳ ಕಡಿಮೆ ಎಂದು ಗೊತ್ತಾಗುತ್ತದೆ. ಆಪರೇಷನ್ ಟೇಬಲ್ ಮೇಲೆ ರೋಗಿ ಮಲಗಿಯೇ ಇರುತ್ತಾರಲ್ವಾ? ಆ ಹೊತ್ತಿನಲ್ಲಿ ಲೆನ್ಸ್ ಎಲ್ಲಿರುತ್ತದೆ ಎಂಬುದೇ ಮುಖ್ಯ.

ಅವಸರ ಎಷ್ಟು? ಇವತ್ತೇ ಓಡಬೇಕಾದ ಸ್ಥಿತಿ ಇದಲ್ಲ. ಲೆನ್ಸ್ ಪೂರ್ತಿ ಹಿಂದಕ್ಕೆ ಬಿದ್ದು ರೆಟಿನಾದ ಮೇಲೆ ಕೂತರೂ ಅದು ತಕ್ಷಣ ಕಣ್ಣನ್ನು ಹಾಳು ಮಾಡುವ ವಸ್ತುವಲ್ಲ. ಹಾಗಂತ ತಿಂಗಳುಗಟ್ಟಲೆ ಮುಂದೂಡಬೇಡಿ. ನೇತಾಡುತ್ತಿರುವ ಲೆನ್ಸನ್ನು ಮೇಲಿನಿಂದಲೇ ಹಿಡಿದು ಕಟ್ಟುವುದು ಸುಲಭ. ಬಿದ್ದ ಲೆನ್ಸನ್ನು ಆಳದಿಂದ ಎತ್ತಿ ತರುವುದು ದೊಡ್ಡ ಕೆಲಸ. ಆದರೆ ಕಣ್ಣು ಕೆಂಪಾಗಿ ವಿಪರೀತ ನೋವು ಬಂದರೆ, ಮಿಂಚಿನಂಥ ಬೆಳಕು ಕಂಡರೆ, ಪರದೆ ಇಳಿದ ಹಾಗೆ ಒಂದು ಬದಿ ಕಪ್ಪಾದರೆ, ಇಲ್ಲವೇ ಲೆನ್ಸ್ ಪಾಪೆಯಿಂದ ಮುಂದಕ್ಕೆ ಬಂದು ಕೂತರೆ, ಅವತ್ತೇ ತೋರಿಸಬೇಕು.

ಜಾರುವ ಸಮಸ್ಯೆ ಕೃತಕ ಲೆನ್ಸಿನಷ್ಟೇ ಹಳೆಯದು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಸಲ ಕಣ್ಣಿನೊಳಗೆ ಲೆನ್ಸ್ ಇಟ್ಟರು. ಯುದ್ಧವಿಮಾನದ ಮೇಲ್ಛಾವಣಿಯ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿನೊಳಗೆ ಸಿಕ್ಕಿಕೊಂಡರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ನೋಡಿ ಅವರಿಗೆ ಆ ಧೈರ್ಯ ಬಂದಿತ್ತು. ವಸ್ತುವಿನ ಆಯ್ಕೆ ಸರಿಯಾಗಿತ್ತು. ಆದರೆ ಅವರ ಲೆನ್ಸ್ ಭಾರ, ಅದಕ್ಕೆ ಕಾಲುಗಳೂ ಇರಲಿಲ್ಲ. ಕೆಲವು ಜಾರಿದವು. ಒಳಗೆ ಇಟ್ಟದ್ದನ್ನು ಅಲ್ಲೇ ನಿಲ್ಲಿಸುವುದು ಹೇಗೆ ಎಂಬ ಹುಡುಕಾಟ ಅಲ್ಲಿಂದ ಇಲ್ಲಿಯವರೆಗೂ ನಡೆದಿದೆ.

ಈಗ ಸಾಧನಗಳಿಗೆ ಬರೋಣ. ಮೊದಲ ಗೋಡೆ ಚೀಲವೇ. ಚೀಲ ಗಟ್ಟಿಯಿದ್ದು ಎಳೆಗಳು ಸ್ವಲ್ಪ ಭಾಗದಲ್ಲಿ ಮಾತ್ರ ಹೋಗಿದ್ದರೆ ಅದರೊಳಗೆ ಒಂದು ಉಂಗುರ ಇಡುತ್ತಾರೆ. ಕ್ಯಾಪ್ಸುಲರ್ ಟೆನ್ಷನ್ ರಿಂಗ್ ಎಂದು ಹೆಸರು. ಪೂರ್ತಿ ಮುಚ್ಚಿದ ಉಂಗುರವಲ್ಲ, ಒಂದು ಕಡೆ ಬಿರುಕು ಬಿಟ್ಟ ಬಳೆಯ ಹಾಗೆ. ಚೀಲದೊಳಗೆ ಹೋದ ಮೇಲೆ ಹೊರಕ್ಕೆ ಒತ್ತಿ ಚೀಲವನ್ನು ದುಂಡಗೆ ಹಿಗ್ಗಿಸುತ್ತದೆ. ಸೋತ ಭಾಗದ ಭಾರವನ್ನು ಗಟ್ಟಿಯಿರುವ ಎಳೆಗಳಿಗೆ ಹಂಚುತ್ತದೆ. 1990ರ ದಶಕದ ಮೊದಲಲ್ಲಿ ಇದು ಬಳಕೆಗೆ ಬಂತು. ಆದರೆ ಉಂಗುರ ಚೀಲವನ್ನು ಯಾವುದಕ್ಕೂ ಕಟ್ಟುವುದಿಲ್ಲ. ಎಳೆಗಳು ಸೋಲುತ್ತಲೇ ಹೋದರೆ ಉಂಗುರ, ಲೆನ್ಸ್, ಚೀಲ ಮೂರೂ ಒಟ್ಟಿಗೆ ಇಳಿಯುತ್ತವೆ.

ಆ ಕೊರತೆಗೆ ಅಮೆರಿಕದ ರಾಬರ್ಟ್ ಸಿಯೋನಿ 1998ರಲ್ಲಿ ದಾರಿ ತೋರಿಸಿದರು. ಉಂಗುರಕ್ಕೆ ಒಂದು ಪುಟ್ಟ ಕೊಕ್ಕೆ, ಕೊಕ್ಕೆಯ ತುದಿಗೆ ಸೂಜಿಯ ಕಣ್ಣಿನಂಥ ತೂತು. ಆ ತೂತಿನಲ್ಲಿ ದಾರ ಪೋಣಿಸಿ ಹೊರಗಿನ ಬಿಳಿಭಾಗಕ್ಕೆ ಹೊಲಿಯಬಹುದು, ಚೀಲಕ್ಕೆ ಸೂಜಿ ತಾಗಬೇಕಾಗಿಲ್ಲ. ಆಮೇಲೆ ಕೆನಡಾದ ಐಕ್ ಅಹ್ಮದ್ ಉಂಗುರದ ಒಂದು ತುಂಡನ್ನಷ್ಟೇ ಬಳಸುವ ಅಹ್ಮದ್ ಸೆಗ್ಮೆಂಟ್ ತಂದರು. ಇಡೀ ಉಂಗುರ ತಿರುಗಿಸಿ ತುರುಕುವಾಗ ಬಲಹೀನ ಎಳೆಗಳು ಇನ್ನಷ್ಟು ಹರಿಯುವ ಭಯವಿರುತ್ತದೆ, ತುಂಡಿಗೆ ಆ ಭಯ ಕಡಿಮೆ. ನೀವು ಕೇಳಿದ ಆಂಕರ್ ಇಸ್ರೇಲಿನ ಎಹುದ್ ಆಸ್ಸಿಯಾ ಅವರದು. ಪೇಪರ್ ಕ್ಲಿಪ್ ಹಾಳೆಯನ್ನು ಹಿಡಿಯುವ ಹಾಗೆ ಅದು ಚೀಲದ ಮುಂದಿನ ಅಂಚನ್ನು ಹಿಡಿಯುತ್ತದೆ, ದಾರದಿಂದ ಬಿಳಿಭಾಗಕ್ಕೆ ಬಿಗಿಯುತ್ತಾರೆ. ಇವೆಲ್ಲ ಬಹುಪಾಲು ಪೊರೆ ಆಪರೇಷನ್ ನಡೆಯುವಾಗಲೇ ಉಪಯೋಗಕ್ಕೆ ಬರುವ ಸಾಧನಗಳು. ಹನ್ನೊಂದು ವರ್ಷದ ಚೀಲ ಲೆನ್ಸಿಗೆ ಅಂಟಿ ಬಿರುಸಾಗಿರುತ್ತದೆ, ಅದನ್ನು ಬಿಡಿಸಿ ಒಳಗೆ ಹೊಸದನ್ನು ತೂರಿಸುವುದು ಕಷ್ಟ. ಹಾಗಾಗಿ ನಿಮ್ಮ ತಾಯಿಯ ಮಟ್ಟಿಗೆ ಇವು ಪಕ್ಕದ ವಿಷಯ. ಒಂದು ವೇಳೆ ಹಳೆಯ ಆಪರೇಷನ್ನಿನಲ್ಲೇ ಉಂಗುರ ಹಾಕಿದ್ದರೆ ಮಾತ್ರ ಅದು ದೊಡ್ಡ ಅನುಕೂಲ. ದಾರ ಸುತ್ತಲು ಗಟ್ಟಿಯಾದ ಒಂದು ಬಳೆ ಒಳಗೆ ಸಿದ್ಧವಾಗಿರುತ್ತದೆ.

ಎರಡನೆಯ ಗೋಡೆ ಕಣ್ಣಿನ ಬಿಳಿಭಾಗ, ಸ್ಕ್ಲೀರಾ. ನನ್ನ ಮಟ್ಟಿಗೆ ಇದೇ ಅತ್ಯಂತ ನಂಬಿಕೆಯ ಗೋಡೆ. ವಯಸ್ಸಾದರೂ ಗಟ್ಟಿ. ಇಬ್ಬರೂ ಡಾಕ್ಟರು ಹೇಳಿದ್ದು ಇದನ್ನೇ ಎಂಬುದನ್ನು ಗಮನಿಸಿ. ಒಬ್ಬರು ಹಳೆಯ ಲೆನ್ಸನ್ನು ದಾರದಿಂದ ಇದಕ್ಕೆ ಕಟ್ಟುತ್ತೇನೆ ಎಂದರು, ಇನ್ನೊಬ್ಬರು ಹೊಸ ಲೆನ್ಸಿನ ಕಾಲನ್ನೇ ಇದರಲ್ಲಿ ಹೂಳುತ್ತೇನೆ ಎಂದರು. ಗೋಡೆ ಒಂದೇ, ಮೊಳೆ ಎರಡು.

ದಾರದ ಕೆಲಸ ಹೇಗಿರುತ್ತದೆ ಅಂದರೆ, ಕಪ್ಪುಗುಡ್ಡೆಯ ಅಂಚಿನಿಂದ ಸುಮಾರು 2 ಮಿಲಿಮೀಟರ್ ಹಿಂದೆ ಬಿಳಿಭಾಗದ ಮೂಲಕ ಸೂಜಿ ಒಳಗೆ ಬರುತ್ತದೆ. ಲೆನ್ಸಿನ ಕಾಲಿನ ಹಿಂದಿನಿಂದ ಚೀಲವನ್ನು ತೂರಿ ಒಂದು ಎಳೆ ಹೋಗುತ್ತದೆ, ಮುಂದಿನಿಂದ ಇನ್ನೊಂದು. ಎರಡೂ ಹೊರಗೆ ಬಂದು ಬಿಗಿದಾಗ ಕಾಲು ಕುಣಿಕೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಎದುರು ಬದಿಯಲ್ಲೂ ಹೀಗೆಯೇ. ಚೀಲ ಲೆನ್ಸಿಗೆ ಅಂಟಿರುವುದು ಇಲ್ಲಿ ಉಪಕಾರವೇ, ಕುಣಿಕೆ ಕಾಲಿನಿಂದ ಜಾರಿಹೋಗಲು ಬಿಡುವುದಿಲ್ಲ. ದೊಡ್ಡ ಗಾಯ ಬೇಕಿಲ್ಲ. ಹಳೆಯ ಲೆನ್ಸಿನ ನಂಬರ್ ಅಮ್ಮನಿಗೆ ಒಗ್ಗಿದ್ದರೆ ಅದೂ ಉಳಿಯುತ್ತದೆ.

ಪ್ರಶ್ನೆ ಇರುವುದು ದಾರದಲ್ಲಿ. ಬಹಳ ವರ್ಷ ಬಳಸಿದ್ದು 10-0 ಅಳತೆಯ ಪಾಲಿಪ್ರೊಪಿಲಿನ್, ತಲೆಗೂದಲಿಗಿಂತ ಎಷ್ಟೋ ತೆಳು (ಈ ಅಳತೆಯಲ್ಲಿ ಮೊದಲ ಅಂಕಿ ಚಿಕ್ಕದಾದಷ್ಟೂ ದಾರ ದಪ್ಪ). ಹಾಕಿದಾಗ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಕೆಲವು ವರ್ಷಗಳ ಮೇಲೆ ಕೆಲವರಲ್ಲಿ ಸವೆದು ತುಂಡಾಯಿತು, ಲೆನ್ಸ್ ಮತ್ತೆ ಇಳಿಯಿತು. ಅದಕ್ಕೇ ಈಗ ದಪ್ಪದ 9-0 ಪಾಲಿಪ್ರೊಪಿಲಿನ್ ಇಲ್ಲವೇ ಗೋರ್‌ಟೆಕ್ಸ್ ದಾರ ಬಳಸುವವರು ಜಾಸ್ತಿ. ಗೋರ್‌ಟೆಕ್ಸ್ ಬಹಳ ಗಟ್ಟಿ, ಮೃದು ಕೂಡ. ಆದರೆ ಅದು ಕಣ್ಣಿಗೆಂದೇ ಒಪ್ಪಿಗೆ ಪಡೆದ ದಾರವಲ್ಲ, ತಜ್ಞರು ತಮ್ಮ ವಿವೇಚನೆಯ ಮೇಲೆ ಬಳಸುತ್ತಾರೆ. ಇದನ್ನು ನಿಮ್ಮ ಡಾಕ್ಟರು ಮೊದಲೇ ಹೇಳಬೇಕು, ನೀವೂ ಕೇಳಬಹುದು. ಗಂಟು ಎಲ್ಲಿ ಅಡಗುತ್ತದೆ ಎಂಬುದೂ ಅಷ್ಟೇ ಮುಖ್ಯ. ದಾರದ ತುದಿ ಮೇಲಿನ ತೆಳುಪದರವನ್ನು ಚುಚ್ಚಿ ಹೊರಗೆ ಇಣುಕಿದರೆ ಅದೇ ದಾರಿಯಲ್ಲಿ ಸೋಂಕು ಒಳಗೆ ಇಳಿಯಬಹುದು. ಅದಕ್ಕಾಗಿ ಬಿಳಿಭಾಗದಲ್ಲೇ ಒಂದು ಜೇಬು ಕೊರೆದು ಗಂಟನ್ನು ಅದರೊಳಗೆ ತಳ್ಳುತ್ತಾರೆ. ಹಾಫ್‌ಮನ್ ಪಾಕೆಟ್ ಅನ್ನುವುದು ಇದನ್ನೇ. ಮೇಲಿನ ಪದರವನ್ನು ಬಿಡಿಸದೆ ಮಾಡಬಹುದಾದ ಕೆಲಸವಾದ್ದರಿಂದ ನನಗೆ ಇದು ಇಷ್ಟ.

ಇನ್ನು ಹೊಲಿಗೆಯಿಲ್ಲದ ವಿಧಾನಗಳು. ದಾರ ತಾನೇ ತುಂಡಾಗುವುದು, ದಾರವೇ ಬೇಡ ಎಂದು ಯೋಚಿಸಿದವರ ಫಲ ಇದು. 2007ರಲ್ಲಿ ಗಾಬೋರ್ ಶಾರಿಯೋತ್ ಬಿಳಿಭಾಗದೊಳಗೆ ಒಂದು ಸಣ್ಣ ಸುರಂಗ ಮಾಡಿ ಲೆನ್ಸಿನ ಕಾಲನ್ನೇ ಅದರಲ್ಲಿ ತೂರಿಸುವುದನ್ನು ವಿವರಿಸಿದರು. ಅದೇ ವರ್ಷ ಚೆನ್ನೈನ ಅಮರ್ ಅಗರ್ವಾಲ್ ಅಂಟಿನ ವಿಧಾನ ಶುರು ಮಾಡಿದರು. ಗ್ಲೂಡ್ ಲೆನ್ಸ್ ಎಂಬ ಹೆಸರು ಕೇಳಿ ಎಲ್ಲರೂ ಲೆನ್ಸನ್ನು ಗೋಂದಿನಲ್ಲಿ ಅಂಟಿಸುತ್ತಾರೆ ಅಂದುಕೊಳ್ಳುತ್ತಾರೆ, "ಅಂಟು ಬಿಟ್ಟುಹೋದರೆ?" ಎಂದು ಹೆದರುತ್ತಾರೆ. ಅದು ಹಾಗಲ್ಲ. ಬಿಳಿಭಾಗದಲ್ಲಿ ಎದುರುಬದುರಾಗಿ ಎರಡು ತೆಳು ಮುಚ್ಚಳ ಎಬ್ಬಿಸುತ್ತಾರೆ. ಅದರ ಕೆಳಗಿನ ರಂಧ್ರದಿಂದ ಲೆನ್ಸಿನ ಕಾಲನ್ನು ಹೊರಗೆ ತಂದು ಪಕ್ಕದ ಸುರಂಗದೊಳಗೆ ಹೂಳುತ್ತಾರೆ. ಹಿಡಿತವೆಲ್ಲ ಆ ಸುರಂಗದ್ದು. ಅಂಟು ಬರೀ ಮುಚ್ಚಳ ಮುಚ್ಚಲಿಕ್ಕೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನಿಂದ ಆದ ಫೈಬ್ರಿನ್ ಅಂಟು ಅದು, ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಅಷ್ಟರಲ್ಲಿ ಗಾಯ ಕೂಡಿರುತ್ತದೆ.

ಈ ಆಪರೇಷನ್ನಿನಲ್ಲಿ ಉಸಿರು ಬಿಗಿಹಿಡಿಯುವ ಗಳಿಗೆ ಅಂದರೆ ಕಾಲನ್ನು ಕೈಬದಲಿಸುವುದು. ಎಡಗೈಯ ಚಿಮಟ ಕಾಲನ್ನು ಹಿಡಿದಿರುತ್ತದೆ. ಬಲಗೈಯ ಚಿಮಟ ಇನ್ನೊಂದು ರಂಧ್ರದಿಂದ ಒಳಗೆ ಬಂದು ಅದನ್ನು ತೆಗೆದುಕೊಳ್ಳಬೇಕು, ಅದೂ ಕಾಲಿನ ತುದಿಯನ್ನೇ. ನಡುವೆ ಹಿಡಿದು ಎಳೆದರೆ ಕಾಲು ಮಡಚಿ ಮುರಿಯುತ್ತದೆ. ಚಿಮಟದ ಬಾಯಿ ಅರ್ಧ ಮಿಲಿಮೀಟರಿನ ಕೊಳವೆಯ ತುದಿಯಲ್ಲಿರುತ್ತದೆ. ಒಂದು ಬಿಟ್ಟು ಇನ್ನೊಂದು ಹಿಡಿಯುವ ಮುಂಚೆ ಲೆನ್ಸ್ ಕೈತಪ್ಪಿದರೆ ನೇರ ರೆಟಿನಾದ ಮೇಲೆ. ಹಾಗಾಗಿ ಬಲಗೈ ಹಿಡಿದದ್ದು ಖಚಿತವಾಗುವವರೆಗೆ ಎಡಗೈ ಬಿಡುವಂತಿಲ್ಲ.

ನಿಮ್ಮ ಎರಡನೆಯ ಡಾಕ್ಟರು ಹೇಳಿದ್ದು ಬಹುಶಃ ಜಪಾನಿನ ಶಿನ್ ಯಮಾನೆ ಅವರ ವಿಧಾನ. 2017ರಲ್ಲಿ ಪ್ರಕಟವಾದ ಮೇಲೆ ಜಗತ್ತಿನ ಎಲ್ಲ ಕಡೆ ಹಬ್ಬಿತು. ಇದರಲ್ಲಿ ಮುಚ್ಚಳವೂ ಇಲ್ಲ, ಅಂಟೂ ಇಲ್ಲ. 30 ಗೇಜಿನ, ತೆಳುಗೋಡೆಯ ಇಂಜೆಕ್ಷನ್ ಸೂಜಿಯನ್ನು ಬಿಳಿಭಾಗದೊಳಗೆ ಓರೆಯಾಗಿ ತೂರಿಸುತ್ತಾರೆ. ಒಳಗೆ ಸೂಜಿಯ ಟೊಳ್ಳಿಗೆ ಲೆನ್ಸಿನ ಕಾಲಿನ ತುದಿಯನ್ನು ಪೋಣಿಸುತ್ತಾರೆ. ಸೂಜಿ ಹೊರಗೆ ಎಳೆದರೆ ಕಾಲು ಅದರ ಜೊತೆಗೇ ಬಿಳಿಭಾಗದ ಮೇಲೆ ಬಂದು ನಿಲ್ಲುತ್ತದೆ, ಹೊಳೆಯುವ ಒಂದು ಸಣ್ಣ ಎಳೆ. ಆಗ ಬಿಸಿತಂತಿಯ ಉಪಕರಣವನ್ನು ಅದರ ಹತ್ತಿರ ತರುತ್ತಾರೆ. ಮುಟ್ಟಿಸುವ ಹಾಗಿಲ್ಲ, ಹತ್ತಿರ ತಂದರೆ ಸಾಕು. ಎಳೆಯ ತುದಿ ಕುಗ್ಗಿ ಗುಂಡಾಗುತ್ತದೆ, ಅಣಬೆಯ ತಲೆಯ ಹಾಗೆ. ಅಡ್ಡಳತೆ ಸುಮಾರು 0.3 ಮಿಲಿಮೀಟರ್. ಆ ಗುಂಡನ್ನು ಮೆಲ್ಲಗೆ ಒತ್ತಿದರೆ ಬಿಳಿಭಾಗದೊಳಗೆ ಹೂತುಕೊಳ್ಳುತ್ತದೆ. ಗುಂಡು ರಂಧ್ರಕ್ಕಿಂತ ದೊಡ್ಡದು, ಒಳಕ್ಕೆ ವಾಪಸ್ ಜಾರಲಾರದು. ಹೊಲಿಗೆ ಬೇಕಿಲ್ಲ.

ನೋಡಲಿಕ್ಕೆ ಸರಳ. ಆದರೆ ಎರಡು ರಂಧ್ರಗಳೂ ಸರಿಯಾಗಿ ಎದುರುಬದುರು ಇರಬೇಕು, ಸೂಜಿ ಹೋಗುವ ಕೋನವೂ ಆಳವೂ ಎರಡು ಕಡೆ ಒಂದೇ ಇರಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಲೆನ್ಸ್ ವಾಲಿ ಕೂರುತ್ತದೆ, ದೃಷ್ಟಿ ಓರೆಯಾಗುತ್ತದೆ. ಎಲ್ಲ ಲೆನ್ಸಿಗೂ ಇದು ಹೊಂದುವುದಿಲ್ಲ. ಬಿಲ್ಲೆಯೊಂದು, ಕಾಲುಗಳು ಬೇರೆ ವಸ್ತುವಿನ ಎಳೆಗಳು, ಹೀಗಿರುವ ಮೂರು ತುಂಡಿನ ಲೆನ್ಸೇ ಬೇಕು. ಕಾಲು ಬಾಗಬೇಕು, ಮುರಿಯಬಾರದು. ಪಿವಿಡಿಎಫ್ ಎಂಬ ವಸ್ತುವಿನ ಕಾಲು ಇದಕ್ಕೆ ಚೆನ್ನ. ಈಗ ಹೆಚ್ಚಿನವರ ಕಣ್ಣಿನಲ್ಲಿರುವುದು ಇಡಿಯಾಗಿ ಒಂದೇ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದ ಒಂದೇ ತುಂಡಿನ ಲೆನ್ಸ್. ಅದರ ದಪ್ಪ ಕಾಲನ್ನು ಹೀಗೆ ಸೂಜಿಯಲ್ಲಿ ಪೋಣಿಸಲಾಗದು. ಎರಡನೆಯ ಡಾಕ್ಟರು ಹಳೆಯದನ್ನು ತೆಗೆಯಬೇಕು ಅಂದದ್ದಕ್ಕೆ ಇದೂ ಕಾರಣವಿರಬಹುದು.

ಈ ಗುಂಡುತುದಿಯ ಉಪಾಯ ಆಮೇಲೆ ದಾರಕ್ಕೂ ಹೋಯಿತು. ಬ್ರೆಜಿಲ್ಲಿನ ಸೆರ್ಜಿಯೋ ಕನಬ್ರಾವಾ ದಪ್ಪದ 5-0 ಪಾಲಿಪ್ರೊಪಿಲಿನ್ ದಾರದ ತುದಿಗಳನ್ನು ಬಿಸಿಯಿಂದ ಗುಂಡು ಮಾಡಿ ಗಂಟಿನ ಬದಲು ಬಳಸಿದರು. ಗಂಟು ಕಟ್ಟುವ ಕೆಲಸವೇ ಇಲ್ಲ. ಜಾರಿದ ಲೆನ್ಸಿನ ಕಾಲಿನ ಸುತ್ತ ಇಂಥ 6-0 ದಾರ ಸುತ್ತಿ, ಎರಡು ತುದಿಯನ್ನೂ ಗುಂಡು ಮಾಡಿ, ಹಳೆಯ ಲೆನ್ಸನ್ನು ಅಲ್ಲೇ ಉಳಿಸಿಕೊಳ್ಳುವವರೂ ಇದ್ದಾರೆ. ದಪ್ಪ ದಾರ ಬೇಗ ಸವೆಯುವುದಿಲ್ಲ. ಆದರೆ ಗುಂಡೂ ದೊಡ್ಡದು, ಸರಿಯಾಗಿ ಹೂಳದಿದ್ದರೆ ಮೇಲೆ ಇಣುಕುವ ಭಯ ಇದ್ದೇ ಇದೆ. ಇಟಲಿಯ ಕಾರ್ಲೆವಾಲೆ ಲೆನ್ಸ್ ಇನ್ನೊಂದು ದಾರಿ. ಈ ಕೆಲಸಕ್ಕೆಂದೇ ಮಾಡಿದ ಲೆನ್ಸ್ ಅದು, ಎರಡು ತುದಿಯಲ್ಲೂ ಟಿ ಆಕಾರದ ಕೊಂಡಿ. ಕೊಂಡಿ ಬಿಳಿಭಾಗದ ರಂಧ್ರದಿಂದ ಹೊರಗೆ ಬಂದು ಅಡ್ಡಲಾಗಿ ನಿಲ್ಲುತ್ತದೆ, ಗುಂಡಿ ಕಾಜದಲ್ಲಿ ನಿಲ್ಲುವ ಹಾಗೆ.

ಮೂರನೆಯ ಗೋಡೆ ಐರಿಸ್, ಪಾಪೆಯ ಸುತ್ತಲಿನ ಬಣ್ಣದ ಪರದೆ. ನೀವು ಕೇಳಿದ ಕ್ಲಾ ಲೆನ್ಸ್ ಇದಕ್ಕೆ ಕಚ್ಚಿಕೊಳ್ಳುತ್ತದೆ. ನೆದರ್‌ಲೆಂಡ್ಸಿನ ಯಾನ್ ವೋರ್ಸ್ಟ್ 1970ರ ದಶಕದಲ್ಲಿ ರೂಪಿಸಿದ್ದು. ಏಡಿಯ ಕೊಂಬಿನ ಹಾಗೆ ಎರಡು ಬದಿಯಲ್ಲಿ ಸೀಳು, ಆ ಸೀಳಿನೊಳಗೆ ಐರಿಸ್ಸಿನ ಚೂರು ಅಂಗಾಂಶವನ್ನು ತಳ್ಳಿ ಸಿಕ್ಕಿಸುತ್ತಾರೆ. ಐರಿಸ್ಸಿನ ಹಿಂದೆ ಕೂರಿಸುವುದನ್ನೇ ಈಗ ಬಹಳ ಮಂದಿ ಇಷ್ಟಪಡುತ್ತಾರೆ, ಅಲ್ಲಿ ಕಾರ್ನಿಯಾದಿಂದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಿಂದ, ದೂರ. ಅನುಭವಿ ಕೈಗೆ ಬೇಗ ಮುಗಿಯುವ ಕೆಲಸ, ವಯಸ್ಸಾದವರಿಗೆ ಅದೇ ದೊಡ್ಡ ಲಾಭ. ಆದರೆ ಲೆನ್ಸ್ ಮಡಚುವುದಿಲ್ಲ, ಐದು ಮಿಲಿಮೀಟರಿಗಿಂತ ದೊಡ್ಡ ಗಾಯ ಬೇಕು. ಐರಿಸ್ ಸೊರಗಿ ಜೋತುಬಿದ್ದಿದ್ದರೆ ಈ ದಾರಿ ಬೇಡ. ಜಾರಿದ ಲೆನ್ಸನ್ನು ಐರಿಸ್ಸಿಗೇ ಹೊಲಿಯುವುದೂ ಹಳೆಯ ಪದ್ಧತಿ. ಚೀಲವಿಲ್ಲದ ಮೂರು ತುಂಡಿನ ಲೆನ್ಸಿಗೆ ಅದು ಹೊಂದುತ್ತದೆ.

ಪಾಪೆಯ ಮುಂದೆ ಕೂರಿಸುವ ಲೆನ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1980ರ ದಶಕದ ಮುಚ್ಚಿದ ಕುಣಿಕೆಯ ಲೆನ್ಸುಗಳು ಎಷ್ಟೋ ಕಾರ್ನಿಯಾಗಳನ್ನು ಹಾಳು ಮಾಡಿದವು. ಈಗಿನ ತೆರೆದ ಕುಣಿಕೆಯವು ಎಷ್ಟೋ ವಾಸಿ. ಕಾರ್ನಿಯಾ ಚೆನ್ನಾಗಿದ್ದು, ಪ್ರೆಷರ್ ಇಲ್ಲದೆ, ಬೇಗ ಮುಗಿಸಲೇಬೇಕಾದ ಸಂದರ್ಭದಲ್ಲಿ ಅದಕ್ಕೆ ಜಾಗವಿದೆ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲಕ್ಕಿಂತ ಮುಖ್ಯವಾದ ಯಂತ್ರದ ಹೆಸರು ಬಂದೇ ಇಲ್ಲ. ಅದು ವಿಟ್ರೆಕ್ಟಮಿ ಯಂತ್ರ. ಕಣ್ಣಿನೊಳಗೆ ತುಂಬಿರುವ ಜೆಲ್ಲಿಯಂಥ ವಿಟ್ರಿಯಸ್ ಲೆನ್ಸಿಗೆ ಸುತ್ತಿಕೊಂಡಿರುತ್ತದೆ. ಆ ಜೆಲ್ಲಿಯನ್ನು ಕತ್ತರಿಸಿ ಬಿಡಿಸದೆ ಲೆನ್ಸನ್ನು ಎಳೆದರೆ ಜೆಲ್ಲಿ ರೆಟಿನಾವನ್ನು ಜಗ್ಗುತ್ತದೆ, ರೆಟಿನಾ ಹರಿಯಬಹುದು. ಲೆನ್ಸ್ ಪೂರ್ತಿ ಹಿಂದಕ್ಕೆ ಬಿದ್ದಿದ್ದರೆ ಜೆಲ್ಲಿ ತೆಗೆದ ಮೇಲೆ ಚಿಮಟದಿಂದ ಎತ್ತುತ್ತಾರೆ. ಕೆಲವರು ನೀರಿಗಿಂತ ಸುಮಾರು ಎರಡು ಪಟ್ಟು ಭಾರದ ಪರ್‌ಫ್ಲೂರೋಕಾರ್ಬನ್ ದ್ರವವನ್ನು ಒಳಗೆ ಬಿಡುತ್ತಾರೆ, ಲೆನ್ಸ್ ಅದರ ಮೇಲೆ ತೇಲಿ ಮೇಲಕ್ಕೆ ಬರುತ್ತದೆ. ಹಾಗಾಗಿ ಈ ಆಪರೇಷನ್ನಿಗೆ ರೆಟಿನಾ ತಜ್ಞರು ಬೇಕು, ಇಲ್ಲವೇ ಅವರು ಪಕ್ಕದಲ್ಲಿ ಸಿದ್ಧರಿರಬೇಕು. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಈಗ ನಿಮ್ಮ ತಾಯಿಯ ಕಣ್ಣಿಗೆ ಬರೋಣ. ಲೆನ್ಸ್ ಇನ್ನೂ ಪಾಪೆಯ ಹಿಂದೆಯೇ ಇದೆ, ಚೀಲವೂ ಜೊತೆಗಿದೆ. ಲೆನ್ಸ್ ತಿಳಿಯಾಗಿದ್ದರೆ, ಅದರ ನಂಬರ್ ಸರಿಯಿದ್ದರೆ, ನಾನಾದರೆ ಅದನ್ನೇ ಕಟ್ಟುವ ಕಡೆಗೆ ಮೊದಲು ಒಲಿಯುತ್ತೇನೆ. ಗಾಯ ಚಿಕ್ಕದು, ಕಾರ್ನಿಯಾಗೆ ತೊಂದರೆ ಕಡಿಮೆ. ಆದರೆ ಲೆನ್ಸೇ ಮಬ್ಬಾಗಿದ್ದರೆ, ಕಾಲು ಮುರಿದಿದ್ದರೆ, ಚೀಲದೊಳಗೆ ಹಳೆಯ ಪೊರೆಯ ಉಳಿಕೆ ದಪ್ಪಗೆ ಬೆಳೆದು ಭಾರವಾಗಿದ್ದರೆ, ತೆಗೆದು ಹೊಸದು ಹಾಕುವುದೇ ಒಳ್ಳೆಯದು. ನೀರು ಹೀರುವ ಅಕ್ರಿಲಿಕ್ಕಿನ ಲೆನ್ಸಾದರೆ ಇನ್ನೊಂದು ಎಚ್ಚರ ಬೇಕು. ಆಪರೇಷನ್ನಿನಲ್ಲಿ ಕಣ್ಣಿನೊಳಗೆ ಗಾಳಿ ಅಥವಾ ಗ್ಯಾಸ್ ತುಂಬಿದರೆ ಅಂಥ ಲೆನ್ಸ್ ಆಮೇಲೆ ಬೆಳ್ಳಗಾಗುವುದುಂಟು. ಪ್ರೆಷರಿಗೆಂದು ಈಗಾಗಲೇ ಆಪರೇಷನ್ ಆಗಿದ್ದರೆ ಬಿಳಿಭಾಗದ ಮೇಲಿನ ಪದರವನ್ನು ಮುಟ್ಟದಿರುವುದೇ ಲೇಸು. ಆಗ ಸೂಜಿರಂಧ್ರದ ವಿಧಾನಗಳು ಮುಂದೆ ಬರುತ್ತವೆ. ಕಾರ್ನಿಯಾದ ಒಳಪದರದ ಜೀವಕೋಶಗಳನ್ನು ಎಣಿಸುವ ಪರೀಕ್ಷೆಯೂ ಆಗಬೇಕು. ಅವು ತೀರಾ ಕಡಿಮೆಯಿದ್ದರೆ ದೊಡ್ಡ ಗಾಯ ಮಾಡಿ ಲೆನ್ಸ್ ಬದಲಿಸಲು ಯಾರೂ ಮುಂದಾಗುವುದಿಲ್ಲ. ಇಷ್ಟು ವಿವರ ನನಗೆ ಗೊತ್ತಿಲ್ಲದೆ ಇಬ್ಬರಲ್ಲಿ ಒಬ್ಬರೇ ಸರಿ ಎಂದು ನಾನು ಹೇಳಿದರೆ ಅದು ಅನ್ಯಾಯ.

ಮತ್ತೆ ಜಾರುತ್ತದಾ? ಜಾರಬಹುದು. ದಾರ ಸವೆಯಬಹುದು, ಗುಂಡು ಒಳಗೆ ಸರಿಯಬಹುದು, ಏಡಿಕೊಂಬು ಕಳಚಬಹುದು. ಆದರೆ ಬಹುತೇಕರಲ್ಲಿ ಲೆನ್ಸ್ ನಿಲ್ಲುತ್ತದೆ, ದೃಷ್ಟಿಯೂ ಮರಳುತ್ತದೆ. ಮೊದಲ ವಾರಗಳಲ್ಲಿ ಒಳಗೆ ಸ್ವಲ್ಪ ರಕ್ತ ಜಿನುಗುವುದು, ಪ್ರೆಷರ್ ಏರುವುದು ಅಥವಾ ಇಳಿಯುವುದು, ರೆಟಿನಾದ ನಡುಭಾಗ ಊದಿಕೊಳ್ಳುವುದು, ಇವು ಕೆಲವರಿಗೆ ಆಗುತ್ತವೆ. ಬಹಳಷ್ಟು ಹನಿಯಲ್ಲೇ ಹತೋಟಿಗೆ ಬರುತ್ತವೆ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್ ಆದ ಮೇಲೆ ಮಾತ್ರ ಕಣ್ಣು ಉಜ್ಜಲೇಬಾರದು, ಈಗ ಅದಕ್ಕೆ ನಿಜವಾದ ಕಾರಣವಿದೆ. ವರ್ಷಗಳ ಮೇಲೆ ಕಣ್ಣು ಕೆಂಪಾಗಿ ಬಿಳಿಭಾಗದಲ್ಲಿ ಏನೋ ಚುಚ್ಚಿದಂತಾದರೂ "ಸುಮ್ನೆ ಧೂಳು ಬಿದ್ದಿರಬೇಕು" ಎಂದು ಬಿಡಬೇಡಿ. ದಾರವೋ ಗುಂಡೋ ಹೊರಗೆ ಬಂದಿದೆಯಾ ಎಂದು ತೋರಿಸಿ.

ಡಾಕ್ಟರ ಹತ್ತಿರ ಹೋಗುವಾಗ ಹನ್ನೊಂದು ವರ್ಷದ ಹಿಂದಿನ ಕಾಗದ ಹುಡುಕಿ ಒಯ್ಯಿರಿ. ಲೆನ್ಸಿನ ಹೆಸರು, ನಂಬರ್ ಇರುವ ಒಂದು ಸಣ್ಣ ಸ್ಟಿಕ್ಕರ್ ಅದರಲ್ಲಿ ಅಂಟಿಸಿರುತ್ತಾರೆ, ಉಂಗುರ ಹಾಕಿದ್ದರೆ ಅದರದೂ ಇರುತ್ತದೆ. ಒಂದೇ ತುಂಡಿನದಾ, ಮೂರು ತುಂಡಿನದಾ, ಯಾವ ವಸ್ತು ಎಂಬುದೆಲ್ಲ ಅದರಿಂದಲೇ ತಿಳಿಯುತ್ತದೆ. ಆಮೇಲೆ ಇಬ್ಬರು ಡಾಕ್ಟರಿಗೂ ಒಂದೇ ಪ್ರಶ್ನೆ ಕೇಳಿ: "ಅಮ್ಮನ ಕಣ್ಣಿನಲ್ಲಿ ಯಾವುದು ಗಟ್ಟಿಯಿದೆ, ನೀವು ಲೆನ್ಸನ್ನು ಯಾವುದಕ್ಕೆ ಕಟ್ಟುತ್ತೀರಿ? ಅದು ಆಗದೆ ಹೋದರೆ ಅಲ್ಲೇ, ಆ ಹೊತ್ತಿನಲ್ಲೇ, ಎರಡನೆಯ ದಾರಿ ಏನು?" ಹಳೆಯದನ್ನು ಕಟ್ಟಲು ಹೋಗಿ ಆಗದಿದ್ದರೆ ಬದಲಿ ಲೆನ್ಸ್ ಟೇಬಲ್ ಪಕ್ಕದಲ್ಲೇ ತಯಾರಿರಬೇಕು. ಯಾವ ವಿಧಾನವನ್ನು ಅವರು ಹೆಚ್ಚಾಗಿ ಮಾಡುತ್ತಾರೆ ಎಂದೂ ಸಂಕೋಚವಿಲ್ಲದೆ ಕೇಳಿ. ಹೊಸ ವಿಧಾನವನ್ನು ಅಪರೂಪಕ್ಕೆ ಮಾಡುವವರಿಗಿಂತ, ಹಳೆಯದನ್ನು ನೂರಾರು ಸಲ ಮಾಡಿದ ಕೈಗೆ ನನ್ನ ತಾಯಿಯ ಕಣ್ಣನ್ನಾದರೂ ನಾನು ಒಪ್ಪಿಸುತ್ತೇನೆ.

ಎಡಗಣ್ಣಿನ ಬಗ್ಗೆ ನೀವು ಬರೆದಿಲ್ಲ. ಅದನ್ನೂ ಪಾಪೆ ಅಗಲಿಸಿ ನೋಡಲು ಹೇಳಿ. ಸ್ಯೂಡೋಎಕ್ಸ್‌ಫೋಲಿಯೇಷನ್ ಇದ್ದರೆ ಎರಡು ಕಣ್ಣಿಗೂ ಬರುವುದು ಸಾಮಾನ್ಯ. ಅಲ್ಲಿ ಈಗಾಗಲೇ ಲೆನ್ಸ್ ಇದ್ದರೆ ಅದು ಅಲುಗುತ್ತದೆಯಾ ಎಂದು ನೋಡಬೇಕು. ಪೊರೆ ಇನ್ನೂ ತೆಗೆಸಿಲ್ಲದಿದ್ದರೆ, ಆ ಆಪರೇಷನ್ನಿಗೆ ಉಂಗುರ, ಕೊಕ್ಕೆ, ಸೆಗ್ಮೆಂಟ್ ಎಲ್ಲ ಮೊದಲೇ ತರಿಸಿಟ್ಟುಕೊಂಡು ಕೂರಬಹುದು.